ಅಯ್ಯೂಬ ವಾಪಸು ಕೇಳಿದ ಕೊಕ್ಕೆಗಳು

ಲಕ್ಷ್ಮೇಶ್ವರದ ಅಯ್ಯೂಬ ಟ್ರ್ಯಾಕ್ಟರಿಗೆ ಟ್ರೇಲರ್ ಸಿಕ್ಕಿಸುವ ಕೊಕ್ಕೆ ಮಾಡುವುದರಲ್ಲಿ ಹೆಸರಾದವನು. ಹಳೆಯ ಲಾರಿಗಳ ಗಾಲಿಯ ಅಚ್ಚು ಕಾಸಿ, ಬಡಿದು ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ, ಮತ್ತೆ ಹದವಾಗಿ ಕಾಸುತ್ತಿದ್ದ. ಕೊನೆಗೆ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸುವುದು ಅವನಪ್ಪನ ಕಾಲದ ಪದ್ಧತಿ.

ಹೋದ ಚಳಿಗಾಲ ಹೊಂಬಳದ ಸಕ್ರಪ್ಪ ಶೇಂಗಾ ಚೀಲ ಹೇರಿಕೊಂಡು ದಿಬ್ಬ ಏರುವಾಗ ಕೊಕ್ಕೆ ಮುರಿದು ಟ್ರೇಲರ್ ಹಿಂದಕ್ಕೆ ಉರುಳಿತು. ಚೀಲಗಳ ಮೇಲೆ ಕೂತಿದ್ದ ಅವನ ಹೆಂಡತಿ ಅಮೃತವ್ವನ ತೋಳು ಮುರಿಯಿತು.

“ನಿನ್ನ ಕೊಕ್ಕಿ ನಂಬಿ ಆಕೀನ ಕುಂಡ್ರಿಸಿದ್ನೋ ಅಯ್ಯೂಬ,” ಎನ್ನುತ್ತ ಸಕ್ರಪ್ಪ ಮುರಿದ ತುಂಡನ್ನು ಕುಲುಮೆಯ ಮುಂದೆ ಎಸೆದುಹೋದ.

ಅಯ್ಯೂಬ ಹೊಸ ಕೊಕ್ಕೆಯನ್ನು ಇನ್ನೂ ದಪ್ಪ ಮಾಡಿದ. ಸುತ್ತಿಗೆಯಿಂದ ಹೊಡೆದು ನೋಡಿದರೆ ಅದೂ ಬಾಗದೆ ಗಾಜಿನಂತೆ ಮುರಿಯಿತು. ಎಣ್ಣೆ ಬದಲಿಸಿದ. ಮತ್ತೆ ಮುರಿಯಿತು. ಮನೆಯಲ್ಲಿ ಹೆಂಡತಿ ಸಬೀನಾಳ ಮೇಲೆ ಸಿಡುಕಿದ.

“ನನ್ನ ಮ್ಯಾಲ ಯಾಕ ಹರಿಹಾಯ್ತೀರಿ? ತಿಳಿದೋರಿಗೆ ತೋರಿಸ್ರಿ,” ಎಂದಳು ಅವಳು.

ಗದಗಿನ ಕಾಲೇಜಿನಲ್ಲಿ ಲೋಹಶಾಸ್ತ್ರ ಕಲಿಸುವ ಶಿವರಂಜನಿ, ಅಯ್ಯೂಬ ಒಯ್ದುಕೊಟ್ಟ ಮುರಿದ ತುಂಡನ್ನು ಪರೀಕ್ಷೆ ಮಾಡಿಸಿ ಅವನನ್ನು ಕರೆಸಿದರು.

“ಉಕ್ಕಿನೊಳಗ ಸಕ್ಕರಿ ಹಂಗ ಹರಳು ಇರ್ತಾವ್ರಿ. ಇಲ್ಲಿ ಹರಳು ಒಡೆದಿಲ್ಲ, ಒಂದನ್ನೊಂದು ಬಿಟ್ಟಾವ. ಇದರಾಗ ರಂಜಕ, ಅಂದ್ರ ಫಾಸ್ಫರಸ್ ಐತಿ. ಬೂದ್ಯಾಗ ನಿಧಾನ ಆರೂವಾಗ ಅದು ಸರಿದು ಬಂದು ಹರಳಿನ ಸಂದ್ಯಾಗ ಕೂಡ್ತೈತಿ. ಅಲ್ಲಿ ಹಿಡಿತ ತಪ್ಪತೈತಿ.”

“ಭಾಳ ಐತೇನ್ರಿ?”

“ಇಲ್ಲ, ಚೂರ. ಆದ್ರ ಎಲ್ಲಾ ಸಂದ್ಯಾಗ ಬಂದು ನಿಂತ್ರ ಅಷ್ಟ ಸಾಕು.”

“ಅಚ್ಚು ಕೊಳ್ಳೂವಾಗ ಹೆಂಗ ಗುರ್ತು ಹಿಡೀಬೇಕ್ರಿ?”

“ಕಣ್ಣಿಲೆ ನೋಡಿದ್ರ ಗೊತ್ತಾಗಂಗಿಲ್ರಿ.”

ಅಯ್ಯೂಬನಿಗೆ ಮೈ ಉರಿಯಿತು. ಕಾಣದ್ದರ ಜೊತೆ ಹೇಗೆ ಗುದ್ದಾಡುವುದು? ಮಾಡಿಟ್ಟ ಕೊಕ್ಕೆಗಳನ್ನು ಮಬ್ಬುಗೆಂಪಾಗುವಷ್ಟೇ ಕಾಸಿ ನೀರಿನಲ್ಲಿ ಬೇಗ ಆರಿಸಿದರೆ ಸಂದಿನ ರಂಜಕ ಚದುರಿ ಮತ್ತೆ ಕೂಡುವುದಿಲ್ಲ ಎಂದು ಶಿವರಂಜನಿ ಹೇಳಿಕೊಟ್ಟರು. ಹಾಗೆ ಮಾಡಿದ ಕೊಕ್ಕೆ ಸುತ್ತಿಗೆಯ ಪೆಟ್ಟಿಗೆ ಬಾಗಿತು, ಮುರಿಯಲಿಲ್ಲ.

ಆದರೆ ಹಳೆಯವು ಹಳ್ಳಿಹಳ್ಳಿಯಲ್ಲಿ ಓಡಾಡುತ್ತಿದ್ದವು. ಅಯ್ಯೂಬ ಬೈಕು ಹತ್ತಿ ಊರೂರಿಗೆ ಹೋದ. ಬಿಚ್ಚಿ ಕೊಡಿ, ಸರಿಮಾಡಿ ತಂದುಕೊಡುತ್ತೇನೆ ಎಂದು ಬೇಡಿಕೊಂಡ. ಕೆಲವರು ಕೊಟ್ಟರು. ಹೆಚ್ಚಿನವರು ಸುಗ್ಗಿ ಮುಗಿಯಲಿ ಎಂದರು. ಕಣಗಿನಹಾಳದಲ್ಲಿ ವಿರೂಪಾಕ್ಷಪ್ಪ ಎಂಬ ರೈತ ನಕ್ಕುಬಿಟ್ಟ.

“ಎಷ್ಟು ವರ್ಷಾತು, ಒಂದು ಗೆರಿ ಬಿದ್ದಿಲ್ಲ ನೋಡು.”

“ಗೆರಿ ಬೀಳಂಗಿಲ್ರೀ ಗೌಡ್ರ, ಒಮ್ಮೆಲೆ ಮುರೀತೈತಿ!” ಅಯ್ಯೂಬನ ದನಿ ಏರಿತು.

“ನೀನ ಮಾಡಿದ್ದಕ್ಕ ನೀನ ಕೊಂಕು ತಗೀತಿಯಲ್ಲೋ,” ಎಂದ ವಿರೂಪಾಕ್ಷಪ್ಪ ಟ್ರ್ಯಾಕ್ಟರ್ ಚಾಲೂ ಮಾಡಿದ. ಹತ್ತಿಯ ಹೇರಿನ ಮೇಲೆ ಹೆಂಗಸರು ಕೂತಿದ್ದರು.

“ಇಳೀರಿ ಯವ್ವಾ, ಇಳೀರಿ!” ಎಂದು ಕೂಗುತ್ತ ಅಯ್ಯೂಬ ಟ್ರ್ಯಾಕ್ಟರಿಗೆ ಅಡ್ಡ ನಿಂತ.