ಜನರೇಟರಿಗೆಂದು ಕಟ್ಟಿಸಿದ ಕಟ್ಟೆ

ಮೈಸೂರಿನ ಮನೆಗೆ ಬಂದ ಮೊದಲ ಸಂಜೆ, ಆರು ಗಂಟೆಗೆ ಸರಿಯಾಗಿ ದೀಪಗಳು ಆರಿದವು. ಬಿಚ್ಚದ ಪೆಟ್ಟಿಗೆಗಳ ನಡುವೆ ನಾನು ತಡವರಿಸುತ್ತ ಬೂಟು ಹುಡುಕತೊಡಗಿದೆ. ಕೃಷ್ಣೆಯ ದಂಡೆಯ ನಮ್ಮ ವಿದ್ಯುತ್ ಸ್ಥಾವರದ ಕಾಲೊನಿಯಲ್ಲಿ ದೀಪ ಆರಿತೆಂದರೆ ಯಾವುದೋ ಘಟಕ ನಿಂತಿದೆ ಎಂದೇ ಅರ್ಥ. ಐದು ನಿಮಿಷದಲ್ಲಿ ಜೀಪು ಬಾಗಿಲಿಗೆ ಬರುತ್ತಿತ್ತು. ಅಷ್ಟರೊಳಗೆ ಬೂಟು ಹಾಕಿ ನಿಂತಿರಬೇಕಿತ್ತು. ಒಂದು ಕಾಲಿಗೆ ಬೂಟು ಏರಿಸಿ ಗೇಟಿಗೆ ಬಂದು ನೋಡಿದೆ. ವಿಜಯನಗರ ಬಡಾವಣೆಯ ಆ ರಸ್ತೆಗೆ ಜೀಪಿನ ಬದಲು ಕುರ್ಚಿಗಳು ಬರುತ್ತಿದ್ದವು. ಮನೆಮನೆಯಿಂದ ಜನ ಕುರ್ಚಿ, ಚಾಪೆ, ಬೀಸಣಿಗೆ ಹಿಡಿದು ಹೊರಬಂದು, ಹರಿಕಥೆಗೆ ಸೇರಿದವರಂತೆ ನಿಶ್ಚಿಂತೆಯಿಂದ ಕುಳಿತುಕೊಂಡರು. ಒಂದು ಮುಖದಲ್ಲಿಯೂ ಗಾಬರಿಯಿರಲಿಲ್ಲ.

ಎದುರು ಮನೆಯ ಪುಟ್ಟಸ್ವಾಮಿಯವರು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು. ನಮ್ಮ ಸಾಮಾನು ಇಳಿಯುತ್ತಿದ್ದಾಗಲೇ ನನ್ನ ಉದ್ಯೋಗವೇನಾಗಿತ್ತೆಂದು ವಿಚಾರಿಸಿಕೊಂಡಿದ್ದರು. ನನ್ನ ಒಂಟಿ ಬೂಟನ್ನು ನೋಡಿ ಅವರು ಗಟ್ಟಿಯಾಗಿ ಹೇಳಿದರು:

"ಏನ್ ಸಾರ್, ಕರೆಂಟ್ ತಯಾರ್ ಮಾಡೋರ ಮನೇಲೇ ಕತ್ಲೆ! ಬರೋವಾಗ ಒಂದ್ ಮೂಟೆ ತುಂಬ್ಕೊಂಡು ಬಂದ್ಬುಡೋದಲ್ವಾ?"

ನಗು ಏಳು ಮನೆಗಳಿಂದ ಬಂದಿತು. ಅಂದು ಗುರುವಾರ; ವಾರವಾರವೂ ಆ ದಿನ ಸಂಜೆ ಆರಕ್ಕೆ ಕರೆಂಟು ಹೋಗುವುದು ಇಲ್ಲಿನ ವಾಡಿಕೆಯೆಂದು ಆಮೇಲೆ ತಿಳಿಯಿತು.

ಸ್ಥಾವರದಲ್ಲಿ ಪ್ರತಿಯೊಂದು ನಿಲುಗಡೆಯನ್ನೂ ಗಂಟೆ, ನಿಮಿಷ, ಕಾರಣಗಳ ಸಮೇತ ಲಾಗ್ ಪುಸ್ತಕದಲ್ಲಿ ಬರೆಯುವುದು ನಿಯಮ. ನಿವೃತ್ತನಾದ ಮೇಲೂ ನಾನು ಆ ಅಭ್ಯಾಸವನ್ನು ಬಿಟ್ಟಿಲ್ಲ. ಮೈಸೂರಿನ ಪುಸ್ತಕದ ಎಡಪುಟದಲ್ಲಿ ಕರೆಂಟು ಹೋದ ಹೊತ್ತನ್ನು ಬರೆದೆ. ಬಲಪುಟದಲ್ಲಿ, ಆ ಹೊತ್ತಿನಲ್ಲಿ ನಮಗೆ ಯಾರು ಏನೆಂದರೆಂಬುದನ್ನು. ಇಲ್ಲಿ ಕರೆಂಟು 'ಹೋಯಿತು' ಎನ್ನುವುದಕ್ಕಿಂತ 'ತೆಗೆದರು' ಎನ್ನುವುದೇ ಹೆಚ್ಚು. ಯಾರೋ ಹಿರಿಯರು ಎದ್ದು ಬಾಗಿಲು ತೆಗೆದಷ್ಟು ಸಹಜವಾಗಿ! ಅಲ್ಲಿ ನಾವು ಹಗಲಿರುಳೂ ಕಲ್ಲಿದ್ದಲು ಸುಟ್ಟದ್ದು ಈ ಉದಾಸೀನಕ್ಕಾಗಿಯೇ ಎಂದು ನನ್ನ ರಕ್ತ ಕುದಿಯುತ್ತಿತ್ತು.

ನಾವು ಬಂದದ್ದು ನನ್ನ ಹೆಂಡತಿ ಶಾಂತಮ್ಮನ ಕೆಮ್ಮಿನ ದೆಸೆಯಿಂದ. ಕಾಲೊನಿಯ ಹಾರುಬೂದಿ ಅವಳ ಎದೆಯಲ್ಲಿ ಮನೆ ಮಾಡಿತ್ತು. ಮೈಸೂರಿನ ಗಾಳಿಗೆ ಕೆಮ್ಮು ಎರಡೇ ತಿಂಗಳಲ್ಲಿ ತಗ್ಗಿತು, ನಿಜ. ಆದರೆ ಕೆಮ್ಮಿನ ಜೊತೆಗೆ ಅವಳ ಮಾತೂ ನಿಂತಿತು. ಅವಳು "ಉಳ್ಳಾಗಡ್ಡಿ ಕೊಡ್ರಿ" ಎಂದಾಗ ತರಕಾರಿ ಗಾಡಿಯವನು ಈರುಳ್ಳಿ ತೂಗುತ್ತಲೇ ಪಕ್ಕದವರತ್ತ ತಿರುಗಿ ನಕ್ಕಿದ್ದ. ಅಂದಿನಿಂದ ಅವಳು ಬೆರಳು ತೋರಿಸಿ ಕೊಳ್ಳುವುದನ್ನು ಕಲಿತಳು. "ಹುಬ್ಬಳ್ಳಿ ಕಡೆಯವ್ರಾ?" ಎಂದು ಕೇಳದವರಿಲ್ಲ. ನಮ್ಮೂರಿಗೂ ಹುಬ್ಬಳ್ಳಿಗೂ ನಡುವೆ ಇಡೀ ಹಗಲಿನ ಬಸ್ ಪ್ರಯಾಣವಿದೆಯೆಂದು ನಾನು ನಾಲ್ಕು ಸಲ ತಿದ್ದಿದೆ. ಐದನೆಯ ಸಲವೂ ಕೇಳಿದರು.

ಆಗಲೇ ನಾನು ಇಡೀ ಮನೆಗೆ ಜನರೇಟರ್ ಹಾಕಿಸುವ ನಿಶ್ಚಯಕ್ಕೆ ಬಂದದ್ದು. ಅಳತೆಗೆ ಬಂದ ಅಂಗಡಿಯ ಮನುಷ್ಯ ತಲೆ ಕೆರೆದುಕೊಂಡ.

"ಯಾಕ್ ಸಾರ್ ಅಷ್ಟ್ ದೊಡ್ದು? ಬ್ಯಾಟ್ರಿದು ಒಂದ್ ಯುಪಿಎಸ್ ಹಾಕಿಸ್ಕೊಳ್ಳಿ. ನಾಲ್ಕ್ ಲೈಟು, ಎರಡ್ ಫ್ಯಾನು. ಇಬ್ರಿಗೆ ಸಾಕಲ್ವಾ?"

"ಅರ್ಧ ಮನೆಗೆ ಬೆಳಕು ಕೊಡುವುದಕ್ಕೆ ನಾನು ಹದಿನೆಂಟು ವರ್ಷ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿಲ್ಲ" ಎಂದೆ.

ನೀರಿನ ಪಂಪು, ಗೀಸರು, ರುಬ್ಬುವ ಯಂತ್ರ, ಬಚ್ಚಲಿನ ಬಲ್ಬು, ಎಲ್ಲವನ್ನೂ ಒಂದೇ ಕ್ಷಣದಲ್ಲಿ ಚಾಲೂ ಮಾಡಿದರೆ ಎಷ್ಟಾದೀತೋ ಅಷ್ಟು ಹೊರೆಗೆ ಲೆಕ್ಕ ಹಾಕಿಸಿದೆ. ಯಾವ ಮನೆಯಲ್ಲಿಯೂ ಹಾಗೆ ಮಾಡುವುದಿಲ್ಲವೆಂಬುದು ನನಗೆ ತೋಚಲಿಲ್ಲ. ಸ್ಥಾವರದವನ ಲೆಕ್ಕ ಹಾಗೆಯೇ. ಬೆಲೆ ಕೇಳಿ ಶಾಂತಮ್ಮ ಕುಳಿತುಬಿಟ್ಟಳು. ಇದನ್ನು ಓದುವ ನಿಮ್ಮಂಥ ಕಾಲೊನಿಯವರು ಬಂದರೆ ತಂಗಲೆಂದು ಮಹಡಿಯ ಮೇಲೊಂದು ಕೋಣೆ ಕಟ್ಟಿಸಬೇಕೆಂದು ನಾವು ಇಟ್ಟಿದ್ದ ಹಣವೆಲ್ಲ ಅದಕ್ಕೇ ಹೋಗುತ್ತಿತ್ತು.

"ಮಂದಿ ಇರೋ ಕೋಲಿ ಬಿಟ್ಟು ಮಷೀನಿಗೆ ಮನಿ ಕಟ್ಟತೀರೇನ್ರಿ?" ಎಂದಳು.

ನಾನು ಕೇಳಲಿಲ್ಲ. ಯಂತ್ರ ಕೊಳ್ಳುವುದಕ್ಕೆ ಮೊದಲೇ ಗೇಟಿನ ಪಕ್ಕದಲ್ಲಿ ಕಾಂಕ್ರೀಟಿನ ಪೀಠ ಹಾಕಿಸಿ, ನಾಲ್ಕು ಮೂಲೆಗೆ ನಾಲ್ಕು ಬೋಲ್ಟು ನೆಡಿಸಿದೆ. ಪುಟ್ಟಸ್ವಾಮಿಯವರು ಬಂದು ನಿಂತು, "ಇದೇನ್ ಸಾರ್, ತುಳಸಿ ಕಟ್ಟೆಗೆ ಕೊಂಬು?" ಎಂದರು. ಅದೂ ಬಲಪುಟಕ್ಕೆ ಸೇರಿತು.

ಈ ನಡುವೆ ಮನೆಯೊಳಗೆ ಬೇರೊಂದು ನಡೆಯುತ್ತಿತ್ತು. ಶಾಂತಮ್ಮ ಸಂಜೆ ಜೋಳದ ರೊಟ್ಟಿ ಬಡಿಯುವುದು ನಿಮಗೆ ಹೊಸದಲ್ಲ. ಆದರೆ ಮುದ್ದೆಯ ಈ ಸೀಮೆಯಲ್ಲಿ ಅದು ಕೇಳದ ಸದ್ದು. ಉಳಿದ ದಿನಗಳಲ್ಲಿ ಟೀವಿಗಳ ಗದ್ದಲದಲ್ಲಿ ಅದು ಮುಳುಗಿಹೋಗುತ್ತಿತ್ತು. ಕರೆಂಟು ತೆಗೆದ ಸಂಜೆಗಳಲ್ಲಿ ಮಾತ್ರ ಆ ಟಪಟಪ ಸದ್ದು ರಸ್ತೆಯ ಕೊನೆಯವರೆಗೂ ಹೋಗುತ್ತಿತ್ತು. ಪುಟ್ಟಸ್ವಾಮಿಯವರ ಹೆಂಡತಿ ನಾಗರತ್ನಮ್ಮ ಒಂದು ಸಂಜೆ ಮೇಣದಬತ್ತಿ ಹಿಡಿದು ಒಳಗೇ ಬಂದಿದ್ದರು.

"ಏನ್ರೀ ಅದು, ಕತ್ಲಲ್ಲಿ ಬಟ್ಟೆ ಒಗೀತಿದೀರಾ ಅನ್ಕೊಂಡೆ ಕಣ್ರೀ!"

ನಾನು ಅದನ್ನೂ ಅವಮಾನವೆಂದೇ ಬರೆದುಕೊಂಡೆ. ಶಾಂತಮ್ಮ ಅವರ ಕೈಗೊಂದು ಬಿಸಿ ರೊಟ್ಟಿ ಕೊಟ್ಟಳು. ಮರುದಿನ ಅವರು ಬಸ್ಸಾರು ತಂದರು. ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿನಿಂದ ಇಲ್ಲಿಯವರು ಮಾಡುವ ಸಾರು ಅದು. ರೊಟ್ಟಿಗೆ ಹೊಂದುತ್ತದೆಂದು ಒಪ್ಪದೆ ಗತಿಯಿಲ್ಲ. ಅಲ್ಲಿಂದ ಮುಂದೆ ರೊಟ್ಟಿಯ ಸದ್ದೇ ಕರೆಯಾಯಿತು. ಸದ್ದು ಕೇಳಿದರೆ ನಾಗರತ್ನಮ್ಮ ಬರುತ್ತಿದ್ದರು.

ಅಂಗಡಿಯವರು ಪರೀಕ್ಷೆಗೆಂದು ಜನರೇಟರನ್ನು ಟೆಂಪೊದಲ್ಲಿ ತಂದು ಪೀಠದ ಮೇಲೆ ಕೂರಿಸಿದ ಸಂಜೆ, ಆರಕ್ಕೆ ಕರೆಂಟು ತೆಗೆದರು. ನಾನು ಯಂತ್ರ ಚಾಲೂ ಮಾಡಿದೆ. ಇಡೀ ರಸ್ತೆಯ ಮಬ್ಬುಗತ್ತಲಲ್ಲಿ ನಮ್ಮ ಮನೆಯೊಂದೇ ಮದುವೆ ಚಪ್ಪರದಂತೆ ಬೆಳಗಿತು. ಹೊಗೆ ಎದುರು ಮನೆಯ ಕಿಟಕಿಗೆ ನೇರವಾಗಿ ಹೋಯಿತು. ಜನ ತಮ್ಮ ಕುರ್ಚಿಗಳನ್ನೆತ್ತಿಕೊಂಡು ರಸ್ತೆಯ ಆಚೆ ತುದಿಗೆ ನಡೆದರು. ಯಾರೂ ನಗಲಿಲ್ಲ. ನಾನು ಬಯಸಿದ್ದು ಅದೇ ಆಗಿದ್ದರೂ, ಆ ಬೆಳಕಿನಲ್ಲಿ ನನಗೆ ಒಂದು ಕಡೆ ಕೂರಲಾಗಲಿಲ್ಲ; ಕೋಣೆಯಿಂದ ಕೋಣೆಗೆ ಸುತ್ತಿದೆ.

ಅಡುಗೆಮನೆಯಲ್ಲಿ ಶಾಂತಮ್ಮ ರೊಟ್ಟಿ ಬಡಿದು, ಒಂದು ತಟ್ಟೆಯಲ್ಲಿ ಎರಡನ್ನು ಮುಚ್ಚಿಟ್ಟು, ಕಿಟಕಿಯ ಬಳಿ ನಿಂತಿದ್ದಳು. ಬಹಳ ಹೊತ್ತಾಗಿರಬೇಕು, ತಟ್ಟೆ ತಣ್ಣಗಾಗಿತ್ತು. ನನ್ನನ್ನು ಕಂಡು ಕೆಮ್ಮಿದಳು. ಎಷ್ಟೋ ತಿಂಗಳ ಮೇಲೆ ಕೇಳಿದ ಕೆಮ್ಮು.

"ಬಂದ್ ಮಾಡ್ರಿ ಅದನ್ನ. ನಾ ರೊಟ್ಟಿ ಬಡಿಯೋದು ನನಗ ಕೇಳವಲ್ದು, ಆಕಿಗೆ ಹ್ಯಾಂಗ ಕೇಳಬೇಕು?"

"ಬಂದ್ ಮಾಡಿದರೆ ನಗುತ್ತಾರೆ."

"ನಗಲಿ. ನಕ್ಕೋತ ಬಂದು ಉಂಡು ಹೋಗ್ತಾರ. ಕಾಲೊನಿಯಾಗ ಹದಿನೆಂಟ್ ವರ್ಷ ಬೆಳಕಿತ್ತು. ನಿಮ್ಮ ದೊಡ್ಡ ಸಾಹೇಬರ ಹೆಂಡ್ತಿ ನಮ್ಮ ಕ್ವಾರ್ಟರ್ಸಿನ ಹೊಸ್ತಿಲಾ ದಾಟಿದ್ದು ನೀವು ನೋಡೀರೇನು?"

ಇದನ್ನು ಓದುವ ಕಾಲೊನಿಯ ಗೆಳೆಯರು ನೊಂದುಕೊಳ್ಳಬಾರದು. ಮಾತು ಅವಳದು, ದಾಖಲೆ ಮಾತ್ರ ನನ್ನದು. ಹುದ್ದೆಗೊಂದು ನಮೂನೆಯ ಮನೆ, ಮನೆಯ ನಮೂನೆಗೆ ತಕ್ಕ ನೆಂಟಸ್ತಿಕೆ ನಮ್ಮಲ್ಲಿತ್ತೆಂಬುದನ್ನು ನಾನು ಅಲ್ಲಗಳೆಯಲಾರೆ.

ಯಂತ್ರ ನಿಲ್ಲಿಸಿದೆ. ಕತ್ತಲು ತುಂಬಿತು. ಅವಳು ಹೊಸ ಹಿಟ್ಟು ನಾದಿ ಮತ್ತೆ ಬಡಿಯತೊಡಗಿದಳು. ಮೂರನೆಯ ರೊಟ್ಟಿಗೆ ಗೇಟು ಕಿರುಗುಟ್ಟಿತು.

"ಶಾಂತಮ್ಮಾ, ಇದೀರಾ? ನಮ್ಮ ಬೀದಿಗೆ ಅಕ್ಕಿ ಗಿರಣಿ ಬಂದ್ಬುಡ್ತೇನೋ ಅನ್ಕೊಂಡೆ ಕಣಮ್ಮ!"

ಒಳಗಿನಿಂದ ನನ್ನ ಹೆಂಡತಿ ನಕ್ಕ ಸದ್ದು ಕೇಳಿತು. ಎಡಪುಟದಲ್ಲಿ ನಾನು ಬರೆದೆ: ಆರು ಮೂವತ್ತೈದು, ಯಂತ್ರ ನಿಲ್ಲಿಸಲಾಯಿತು. ಕಾರಣ ಎಂಬಲ್ಲಿ ಪೆನ್ನು ನಿಂತಿತು.

ಜನರೇಟರು ಮರುದಿನವೇ ಹಿಂದಕ್ಕೆ ಹೋಯಿತು. ಮಹಡಿಯ ಕೋಣೆ ಎದ್ದಿದೆ. ಬಂದವರು ಅಲ್ಲಿ ತಂಗಬಹುದು, ಸಂಜೆ ಕತ್ತಲಿರುತ್ತದೆ, ಅಷ್ಟೇ. ಕಳೆದ ವರ್ಷ ನಾವು ಕಾಲೊನಿಗೆ ಬಂದಿದ್ದಾಗ, ಸಂಜೆ ಆರಾದೊಡನೆ ಶಾಂತಮ್ಮ ಕುರ್ಚಿಯೊಂದನ್ನು ಹೊರಗೆ ಹಾಕಿಕೊಂಡು ಕುಳಿತಳು. ಬೀದಿದೀಪಗಳು ಒಂದೂ ತಪ್ಪದೆ ಉರಿಯುತ್ತಿದ್ದವು. ಆ ಸಾಲನ್ನು ಕಂಡು ನನ್ನ ಎದೆ ಉಬ್ಬಿತು. ಎಂಟರವರೆಗೂ ಯಾರೂ ಹೊರಗೆ ಬರಲಿಲ್ಲ.

ಮೈಸೂರಿನ ಆ ಪೀಠವೀಗ ರಸ್ತೆಯವರೆಲ್ಲರ ಆಸನ. ಆಟೋದವರಿಗೆ ಗುರುತು ಹೇಳುವಾಗಲೂ 'ಜನರೇಟರ್ ಕಟ್ಟೆ' ಎನ್ನುತ್ತಾರೆ. ಜನರೇಟರನ್ನು ಅವರು ಕಂಡದ್ದು ಒಂದೇ ಒಂದು ಸಂಜೆ. ನಾಲ್ಕು ಬೋಲ್ಟುಗಳು ಹಾಗೆಯೇ ಇವೆ. "ಕತ್ತರಿಸಿ ಬಿಸಾಕ್ಬುಡಿ ಸಾರ್, ಪಂಚೆ ಸಿಗಾಕ್ಕೊಳ್ತದೆ" ಎಂದು ಪುಟ್ಟಸ್ವಾಮಿಯವರು ಹೇಳುತ್ತಲೇ ಇದ್ದಾರೆ. ನಾನು ಕತ್ತರಿಸಿಲ್ಲ. ತಿಂಗಳಿಗೊಮ್ಮೆ, ಯಂತ್ರ ನಾಳೆಯೇ ಬರುವುದೆಂಬಂತೆ, ತುಕ್ಕು ಹಿಡಿಯದಿರಲೆಂದು ಗ್ರೀಸು ಹಚ್ಚುತ್ತೇನೆ. ಆಮೇಲೆ ಅವುಗಳ ಮೇಲೆ ಗೋಣಿಚೀಲ ಮಡಚಿ ಹಾಸುತ್ತೇನೆ, ಕೂರುವವರಿಗೆ ಚುಚ್ಚದಿರಲೆಂದು.