ಹೆಡ್‌ಮಾಸ್ತರರು ಮಾಡಿದ ಆಣೆ

ಮೊನ್ನೆ ಕಲಬುರಗಿಯ ಜಗತ್ ಸರ್ಕಲ್ಲಿನ ಹತ್ತಿರ ಒಂದು ತಳ್ಳುಗಾಡಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಗಾಡಿಯ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು. ಬಿಸಿಲಿಗೆ ಕಾದ ಆ ಗಾಢ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹಣ್ಣಿನವನು ರೇಟು ಹೇಳುತ್ತಿದ್ದುದು ಕಿವಿಗೆ ಬೀಳಲಿಲ್ಲ. "ತಗೋತೀರೇನ್ರಿ, ಇಲ್ಲಾ ಹಂಗೇ ನೋಡ್ತೀರೇನು?" ಎಂದು ಗದರಿದ. ತಗೊಳ್ಳದೆ ಬಂದೆ. ಆ ಹಣ್ಣು ತಿನ್ನುವುದು ಬಿಟ್ಟು ಎಷ್ಟೋ ವರ್ಷಗಳಾದವು...

ನನಗೆ ಆ ಹಣ್ಣು ತಿನ್ನಿಸುತ್ತಿದ್ದವರು ಕಮಲಾಪುರದ ಒಂದು ಖಾಸಗಿ ಹೈಸ್ಕೂಲಿನ ಹೆಡ್‌ಮಾಸ್ತರರು. ಆಗ ನನಗೆ ಇಪ್ಪತ್ನಾಲ್ಕು. ಡಿಗ್ರಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ, ಎದೆಯಲ್ಲಿ ಮಾತ್ರ ಬೆಂಕಿ ಇತ್ತು. ನಮ್ಮ ಚರ್ಚಿನ ಮೂವರು ಸೇರಿ ಶಾಲೆ ಮಕ್ಕಳ ನಡುವೆ ಯುವಜನ ಸೇವೆ ಶುರು ಮಾಡುವುದೆಂದು ಐವಾನ್-ಎ-ಶಾಹಿ ಕಡೆ ಒಂದು ಕೋಣೆ ಹಿಡಿದಿದ್ದೆವು. ವಾರಕ್ಕೊಂದು ಪೀರಿಯಡ್ಡು ಕೊಡಿ, ಹಾಡು ಕಲಿಸುತ್ತೇವೆ, ಏಸುಸ್ವಾಮಿಯ ಕಥೆ ಹೇಳುತ್ತೇವೆ ಎಂದು ಶಾಲೆ ಶಾಲೆ ಅಲೆದೆವು. ಕಲಬುರಗಿಯ ಶಾಲೆಗಳು ಗೇಟಿನಿಂದಲೇ ಕಳಿಸಿದವು. ಒಂದು ಕಡೆಯಂತೂ ಜವಾನ ನನ್ನ ಅರ್ಜಿಯಿಂದಲೇ ಗಾಳಿ ಬೀಸಿಕೊಂಡ.

ಕಮಲಾಪುರಕ್ಕೆ ಹೋದಾಗಲೂ ನನಗೆ ಆಸೆ ಇರಲಿಲ್ಲ. ಹೆಡ್‌ಮಾಸ್ತರರ ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಬಂದ ದಾರಿಗೆ ಸುಂಕವಿಲ್ಲ, ತಿರುಗು ಅಂದುಕೊಂಡೆ. ಅವರು ನನ್ನ ಅರ್ಜಿಯನ್ನು ಎರಡು ಸಲ ಓದಿದರು.

"ನೋಡು ತಂಗಿ," ಎಂದರು. "ನಮ್ಮ ಹುಡುಗ್ರ ಕಿಸೆದಾಗ ಪೆನ್ನ ಸಿಗಂಗಿಲ್ಲ, ಗುಟ್ಕಾ ಸಿಗ್ತದ. ನಾ ಹೇಳಿ ಹೇಳಿ ಸಾಕಾಗೇನಿ. ನೀ ಹೇಳು. ಏಸುಸ್ವಾಮಿ ಹಿಂಗಂದಾನ ಅಂತ ಹೇಳಿದ್ರೂ ನಂದೇನ ತಕರಾರಿಲ್ಲ. ಆದ್ರ ಪ್ರಾರ್ಥನಾ ಮಾಡಸಬ್ಯಾಡ, ಯಾರ ಹೆಸರೂ ಬರಕೋಬ್ಯಾಡ. ತಾಯಿತಂದಿ ನನ್ನ ನಂಬಿ ಕಳಿಸ್ಯಾರ."

"ಆಯ್ತ್ರಿ ಸರ್," ಎಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ!

ಶುಕ್ರವಾರದ ಕೊನೆಯ ಪೀರಿಯಡ್ಡು ನನ್ನದಾಯಿತು. ಕ್ಲಾಸು ಮುಗಿಸಿ ಆಫೀಸಿಗೆ ಹೋದರೆ ಹೆಡ್‌ಮಾಸ್ತರರು ಚೀಲದಿಂದ ಒಂದು ಕೆಂಪು ಬಾಳೆಹಣ್ಣು ತೆಗೆದು ಮೇಜಿನ ಮೇಲಿಡುತ್ತಿದ್ದರು. ಬಸ್ಸಿನಲ್ಲಿ ತಿನ್ನುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ, ತಿಂದು ಮುಗಿಸುವ ತನಕ ಮುಂದಿನ ಫೈಲು ಬಿಚ್ಚುತ್ತಿರಲಿಲ್ಲ. ನಮ್ಮಪ್ಪ ತೀರಿಕೊಂಡ ಮೇಲೆ ನನ್ನ ಊಟದ ಚಿಂತೆ ಮಾಡಿದ ಗಂಡಸು ಅವರೊಬ್ಬರೇ.

ಇತ್ತ ಪ್ರತಿ ಸೋಮವಾರ ನಮ್ಮ ಕೋಣೆಯಲ್ಲಿ ವರದಿ ಒಪ್ಪಿಸಬೇಕಿತ್ತು. ನಮ್ಮ ಮುಖಂಡರನ್ನು ಅಣ್ಣ ಎನ್ನುತ್ತಿದ್ದೆವು. ಅವರದು ಒಂದೇ ಪ್ರಶ್ನೆ: ಕೈ ಎತ್ತಿದವರು ಎಷ್ಟು ಮಂದಿ? ನಮ್ಮ ಯುವಜನ ಕೂಟಗಳಲ್ಲಿ ಅದೊಂದು ಪದ್ಧತಿ. ಕೊನೆಗೆ ಎಲ್ಲರೂ ಕಣ್ಣು ಮುಚ್ಚಬೇಕು, ಸ್ವಾಮಿಯನ್ನು ಹೃದಯಕ್ಕೆ ಬರಮಾಡಿಕೊಳ್ಳುವವರು ಕೈ ಎತ್ತಬೇಕು, ಎತ್ತಿದವರು ಒಂದು ಕಾರ್ಡಿನಲ್ಲಿ ಹೆಸರು ಬರೆದುಕೊಡಬೇಕು. ನನ್ನ ಲೆಕ್ಕದಲ್ಲಿ ಪ್ರತಿ ವಾರ ಸೊನ್ನೆ. "ಬರೇ ಕಥಿ ಹೇಳ್ಳಿಕ್ಕ ಮನ್ಯಾಗ ಅಜ್ಜಿ ಇರ್ತಾಳಲ್ಲ," ಎಂದು ಅಣ್ಣ ನಕ್ಕರು. ಆ ಮಾತು ನನಗೆ ನಾಟಿತು. ಆದರೆ ತಪ್ಪನ್ನು ಅವರ ತಲೆಗೆ ಕಟ್ಟುವುದಿಲ್ಲ. ಕಾರ್ಡಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡ ಕೈ ನನ್ನದೇ.

ಆ ಶುಕ್ರವಾರ ಕಥೆ ಮುಗಿದದ್ದೇ ಕಣ್ಣು ಮುಚ್ಚಿಸಿ, ಪ್ರಾರ್ಥನೆ ಮಾಡಿಸಿ, ಕೈ ಎತ್ತಿ ಎಂದೆ. ಇಡೀ ಕ್ಲಾಸು ಕೈ ಎತ್ತಿತು. ನನ್ನ ಕಣ್ಣಲ್ಲಿ ನೀರು ಬಂತು. ಕಾರ್ಡು ಹಂಚಿದೆ. ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಮೇಡಂ, ಆಧಾರ್ ನಂಬರ್ ಎಲ್ಲಿ ಬರೀಬೇಕ್ರಿ?" ಹಿಂದಿನಿಂದ ಇನ್ನೊಬ್ಬ, "ಜಾತಿ ಸರ್ಟಿಫಿಕೇಟ್ ಹಚ್ಚಬೇಕೇನ್ರಿ?" ಎಂದ.

ಅವರು ಅದನ್ನು ಸ್ಕಾಲರ್‌ಶಿಪ್ಪಿನ ಫಾರ್ಮು ಎಂದುಕೊಂಡಿದ್ದರು. ಖಾಲಿ ಗೆರೆ ಇರುವ ಕಾಗದ ಆ ಶಾಲೆಗೆ ಬಂದರೆ ಅದು ಸ್ಕಾಲರ್‌ಶಿಪ್ಪೇ. ಮೊದಲೇ ಮೇಜಿನ ಮೇಲಿಟ್ಟಿದ್ದ ಕಾರ್ಡಿನ ಕಟ್ಟು ನೋಡಿ ಕೈ ಎತ್ತಿದ್ದೂ ಅದಕ್ಕೇ. ಆ ಕ್ಷಣವೇ ಎಲ್ಲ ಕಾರ್ಡು ವಾಪಸ್ಸು ಇಸಿದುಕೊಂಡು ಹರಿದುಹಾಕಬೇಕಿತ್ತು. ಹಾಕಲಿಲ್ಲ... ಸೋಮವಾರ ಅಣ್ಣನ ಮುಂದೆ ಇಡಲು ನನಗೊಂದು ಸಂಖ್ಯೆ ಬೇಕಿತ್ತು. ಗಂಟೆ ಹೊಡೆಯಿತು. ಕೆಲವರು ಕೊಟ್ಟರು, ಕೆಲವರು ಕಾರ್ಡನ್ನು ಪಾಟಿಚೀಲಕ್ಕೆ ಸೇರಿಸಿ ಓಡಿದರು. ಹೆಡ್‌ಮಾಸ್ತರರಿಗೆ ಏನೂ ಹೇಳದೆ ಹಣ್ಣು ತಿಂದು ಬಸ್ಸು ಹತ್ತಿದೆ.

ಮುಂದಿನ ಶುಕ್ರವಾರ ಹೋದಾಗ ಶಾಲೆಯ ಗೇಟಿನ ಹತ್ತಿರ ಏಳೆಂಟು ಗಂಡಸರು ನಿಂತಿದ್ದರು. ಯಾರೂ ದಾರಿ ಬಿಡಲಿಲ್ಲ. ಅವರ ನಡುವೆ ಮೈ ಮುದುಡಿಕೊಂಡು ಒಳಗೆ ಹೋದೆ. ಹೆಡ್‌ಮಾಸ್ತರರು ನನ್ನನ್ನು ಆಫೀಸಿಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಖರೇ ಹೇಳು ತಂಗಿ. ಪ್ರಾರ್ಥನಾ ಮಾಡಿಸಿದೇನು? ಹೆಸರು ಬರಿಸಿದೇನು?"

ಹೊರಗೆ ಯಾರೋ ಗೇಟನ್ನು ಒದ್ದ ಸದ್ದಾಯಿತು.

"ಇಲ್ರಿ ಸರ್. ಬರೇ ಕಥಿ ಹೇಳೀನಿ."

ಅವರು ನನ್ನ ಮುಖವನ್ನೇ ನೋಡಿದರು. "ಇನ್ನೊಮ್ಮೆ ಕೇಳ್ತೀನಿ. ಅಂಜಬ್ಯಾಡ. ಇದ್ದದ್ದು ಇದ್ದಂಗ ಹೇಳು."

"ದೇವರಾಣೆ ಇಲ್ರಿ," ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವರು ಎದ್ದು ಹೊರಗೆ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಬ್ಬ ಮುಂದೆ ಬಂದು, "ಆ ಹುಡುಗೀನ ಹೊರಗ ಕಳಸ್ರಿ ಮಾಸ್ತರ. ನಾವೇ ಕೇಳ್ತೀವಿ," ಎಂದ. "ನನ್ನ ಸಾಲ್ಯಾಗ ನಡದದ್ದು ನನ್ನ ಜಿಮ್ಮೇದಾರಿ. ನನ್ನ ಕೇಳ್ರಿ," ಎಂದರು ಹೆಡ್‌ಮಾಸ್ತರರು. ಹೆಸರು ಬರೆಸಿದ್ದು ಸುಳ್ಳೋ ಖರೆಯೋ ಎಂದು ಅವನು ಕೇಳಿದ. ಹೆಡ್‌ಮಾಸ್ತರರು ಕೊರಳಿನ ಕರಡಿಗೆಯನ್ನು ಬಲಗೈಯಲ್ಲಿ ಹಿಡಿದುಕೊಂಡರು. "ಈ ಲಿಂಗದಾಣಿ. ಆ ಹುಡುಗಿ ಹಂಗ ಮಾಡಿಲ್ಲ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಿಂಗ ಮುಟ್ಟಿ ಆಣೆ ಮಾಡಿದ ಹಿರಿಯನನ್ನು ಅದರ ಮೇಲೆ ಏನು ಕೇಳುತ್ತಾರೆ? ಗೊಣಗುತ್ತ ಚದುರಿದರು. ಹೆಡ್‌ಮಾಸ್ತರರು ಬಸ್‌ಸ್ಟ್ಯಾಂಡಿನವರೆಗೂ ನನ್ನ ಜೊತೆ ನಡೆದು ಬಂದರು. ಬಸ್ಸು ಹತ್ತಿಸುವಾಗ "ಇನ್ನ ಬರಬ್ಯಾಡ ತಂಗಿ," ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ನಾಲ್ಕು ದಿನಕ್ಕೆ ಯಾರದೋ ಮನೆಯಲ್ಲಿ ಒಂದು ಕಾರ್ಡು ಸಿಕ್ಕಿತು, ಆಡಳಿತ ಮಂಡಳಿಯ ಕೈಗೆ ಹೋಯಿತು. ಹೆಡ್‌ಮಾಸ್ತರರನ್ನು ಆ ಕುರ್ಚಿಯಿಂದ ಇಳಿಸಿ, ಅವರಿಗಿಂತ ಹತ್ತು ವರ್ಷ ಚಿಕ್ಕವರನ್ನು ಕೂರಿಸಿದರು. ಇವರು ನಿವೃತ್ತಿಯ ತನಕ ಅದೇ ಶಾಲೆಯಲ್ಲಿ ಗಣಿತ ಕಲಿಸಿದರಂತೆ. ಸುಳ್ಳು ಆಣೆಯ ಮಾಸ್ತರ ಎಂದು ಊರು ಬೆನ್ನ ಹಿಂದೆ ಆಡಿಕೊಂಡಿತಂತೆ. ಇದೆಲ್ಲ ಆ ಶಾಲೆಯ ಟೀಚರೊಬ್ಬರು ಫೋನಿನಲ್ಲಿ ಹೇಳಿದ್ದು. ನನ್ನ ಸುಳ್ಳನ್ನು ನಂಬಿ ಕೆಟ್ಟರಲ್ಲ ಎಂದು ಅತ್ತೆ, ಹೋಗಿ ಕಾಲು ಹಿಡಿಯಬೇಕು ಎಂದುಕೊಂಡೆ. ಹೋಗಲಿಲ್ಲ. ಮೊದಲು ಅಂಜಿಕೆಯಿಂದ, ಆಮೇಲೆ ನಾಚಿಕೆಯಿಂದ, ಕೊನೆಗೆ ತಡವಾಯಿತೆಂಬ ನೆಪದಿಂದ...

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ ಹೋದೆ. ಕಮಲಾಪುರದ ಮನೆಯಲ್ಲಿ ಅವರ ಹೆಂಡತಿ ಹೆಸರು ಕೇಳಿ ನನ್ನ ಗುರುತು ಹಿಡಿದು ಹತ್ತಿರ ಕೂರಿಸಿಕೊಂಡರು. ನಾನು ಆ ವಿಷಯ ಎತ್ತುವ ಮೊದಲೇ ಅಂದರು: "ಅವರಿಗಿ ಗೊತ್ತಿತ್ತವಾ. ಅವತ್ತ ಮುಂಜಾನೆನೇ ಒಂದ ಹುಡುಗಿ ಆ ಕಾರ್ಡ ತಂದು ಇವರ ಟೇಬಲ್ ಮ್ಯಾಲ ಇಟ್ಟಿತ್ತಂತ. ಸ್ಕಾಲರ್‌ಶಿಪ್ಪಿಂದು, ಶಿಕ್ಕಾ ಹೊಡೀರಿ ಸರ್ ಅಂತ."

ಅವತ್ತು ಅಂದರೆ ಗೇಟಿನ ಹತ್ತಿರ ಗಂಡಸರು ನಿಂತಿದ್ದ ಆ ಶುಕ್ರವಾರ.

"ಗೊತ್ತಿದ್ದೂ ಲಿಂಗ ಮುಟ್ಟಿ ಯಾಕ ಆಣಿ ಮಾಡಿದ್ರಿ ಅಂತ ನಾನೂ ಜಗಳಾಡ್ದೆ. ಹೊರಗ ಅಷ್ಟ ಮಂದಿ ಗಂಡಸ್ರು, ಒಳಗ ಹುಡುಗಿ ಒಬ್ಬಾಕಿ, ಮತ್ತೇನ ಮಾಡ್ಲಿ ಅಂದ್ರು. ಅಷ್ಟೇ. ಮುಂದ ಆ ಮಾತ ತಗೀಲಿಲ್ಲ."

ಈಗಲೂ ಭಾನುವಾರ ಮಕ್ಕಳಿಗೆ ಕಥೆ ಹೇಳುತ್ತೇನೆ, ನಮ್ಮ ಚರ್ಚಿನ ಅಂಗಳದಲ್ಲಿ, ತಾಯಿತಂದೆಯರ ಎದುರಿನಲ್ಲಿ. ದೇವರ ಹತ್ತಿರ ಕ್ಷಮೆ ಕೇಳಿಕೊಂಡಿದ್ದೇನೆ, ಸಿಗುತ್ತದೆಂದು ನಂಬಿದವಳು ನಾನು. ಆದರೆ ಎಲ್ಲ ಗೊತ್ತಿದ್ದೂ ಹೆಡ್‌ಮಾಸ್ತರರು ನನ್ನನ್ನು ಎರಡು ಸಲ ಕೇಳಿದರಲ್ಲ, ಅದು ನನ್ನ ಬಾಯಿಂದ ಒಂದು ಮಾತು ಬರಲೆಂದು. ಹೌದ್ರಿ ಸರ್, ನಾನೇ ಬರಿಸಿದ್ದು. ಅಷ್ಟೇ ಸಾಕಿತ್ತು. ಈಗ ದಿನಾ ಅನ್ನುತ್ತೇನೆ, ಕೇಳಲು ಅವರಿಲ್ಲ.