ಲಗೂ ಮುಗಿಸಿರೆಂದು ಬರೆದ ಅರ್ಜಿ

ನಮ್ಮೂರು ಯಾವಗಲ್ಲಿನಲ್ಲಿ ನಮ್ಮ ಹೊಲದ ಬದು ಒಡೆದ ದಿನ ನಾನು ಪಕ್ಕದ ಹೊಲದ ಕಾಕಾನನ್ನು ದೂಡಿದೆ. ನೀರು ಯಾರ ಹೊಲಕ್ಕೆ ಹರಿಯಬೇಕೆಂಬುದು ಜಗಳ. ಅವರು ಕಲ್ಲಿನ ಮೇಲೆ ಬಿದ್ದು ಎಡಗೈ ಮುರಿಯಿತು. ನಾನು ದೂಡಿದ್ದು ಒಂದು ಕೈಯಿಂದ, ಇನ್ನೊಂದು ಕೈಯಲ್ಲಿ ಸಲಿಕೆ ಇತ್ತು. ಪೊಲೀಸರ ಕಾಗದದಲ್ಲಿ ಅದು ಆಯುಧವಾಯಿತು. ಆಯುಧ ಬಂದಮೇಲೆ ರಾಜಿಗೆ ಜಾಗವಿಲ್ಲ ಎಂದರು ವಕೀಲರು. ನಾನು ಸಾಲಿ ಮಾಸ್ತರ. ಕೇಸು ಮುಗಿಯುವ ತನಕ ನೌಕರಿಯಿಂದ ಅಮಾನತು.

ಕೇಸು ಮುಗಿಯಲಿಲ್ಲ. ಕೈಗೆ ಪಟ್ಟಿ ಕಟ್ಟಿದ್ದ ಡಾಕ್ಟರು ಸಾಕ್ಷಿ ಹೇಳಬೇಕಿತ್ತು. ಆಗ ನಮ್ಮದು ಮುಂಬಯಿ ರಾಜ್ಯ; ಅವರಿಗೆ ನಾಸಿಕದ ಕಡೆ ವರ್ಗವಾಗಿತ್ತು. ಸಮನ್ಸು ಹೋಗುತ್ತಿತ್ತು, ಡಾಕ್ಟರು ಬರುತ್ತಿರಲಿಲ್ಲ, ಮುಂದಿನ ತಾರೀಖು ಬೀಳುತ್ತಿತ್ತು. ಕೋರ್ಟಿಗೆ ಹೋಗಲು ಇದ್ದದ್ದು ಒಂದೇ ಬಸ್ಸು. ಮೊದಲ ವರ್ಷ ಕಾಕಾ ಮುಂದೆ, ನಾನು ಹಿಂದೆ. ಎರಡನೆಯ ವರ್ಷ ಬೇರೆ ಸೀಟು ಸಿಗದೆ ಒಟ್ಟಿಗೆ ಕುಳಿತೆವು. ಮೂರನೆಯ ವರ್ಷ ಅವರ ಹೆಂಡತಿ ಬುತ್ತಿಯಲ್ಲಿ ನನ್ನ ಪಾಲಿನ ರೊಟ್ಟಿಯನ್ನೂ ಕಟ್ಟತೊಡಗಿದರು.

ವಿಚಾರಣೆ ಬೇಗ ಮುಗಿಸಲು ಹುಕುಂ ಕೊಡಬೇಕೆಂದು ವಕೀಲರು ಮುಂಬಯಿಯ ಹೈಕೋರ್ಟಿಗೆ ಅರ್ಜಿ ಕಳಿಸಿದರು. ಅರ್ಜಿ ಅಲ್ಲಿರುವಾಗಲೇ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಾವೆಲ್ಲ ಹಲಗೆ ಬಾರಿಸಿ ಪೇಢೆ ಹಂಚಿದೆವು. ಕೆಲವು ತಿಂಗಳ ಮೇಲೆ ವಕೀಲರು ಕರೆದು ಹೇಳಿದರು:

“ಇನ್ನ ಬೆಂಗಳೂರಿಗೆ ಬರೀಬೇಕ್ರಿ. ಫಿರ್ಯಾದಿನೂ ಲಗೂ ಮುಗೀಲಿ ಅಂತ ಬರಕೊಟ್ರ ಭಾಳ ಚಲೋ.”

ಬಸ್ಸಿನಲ್ಲಿ ಕಾಕಾನನ್ನು ಕೇಳಿದೆ.

“ಹೆಬ್ಬಟ್ಟು ಯಾವ ಕೈದ ಬೇಕ್ರಿ, ಮಾಸ್ತರ?” ಎಂದರು.

“ಎಡಗೈದು.”

“ಅದನ್ನ ನೀವ ಮುರದೀರಲ್ರಿ.”

ಮರುದಿನ ಅವರು ವಕೀಲರ ಮನೆಗೆ ಬಂದು, ಬಲಗೈಯಿಂದ ಎಡಗೈಯನ್ನು ಎತ್ತಿ ಮೇಜಿನ ಮೇಲಿಟ್ಟು ಹೆಬ್ಬೆಟ್ಟು ಒತ್ತಿದರು.

ಮೂರು ತಿಂಗಳೊಳಗೆ ಮುಗಿಸಬೇಕೆಂದು ಬೆಂಗಳೂರಿನಿಂದ ಹುಕುಂ ಬಂತು. ಡಾಕ್ಟರೂ ಬಂದರು. ಕೈ ಮುರಿದಿದ್ದು ನಿಜ, ಹೇಗೆ ಮುರಿಯಿತೋ ಹೇಳಲಾರೆ ಎಂದು ಹೇಳಿ ಹೊರಟುಹೋದರು. ಉಳಿದದ್ದು ಕಾಕಾನ ಸಾಕ್ಷಿ. ಆ ದಿನ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ನೋಡುತ್ತ, “ನಾ ಜಾರಿ ಬಿದ್ದೆ ಅಂತ ಹೇಳತೀನ್ರಿ. ನೀವು ಬಾಯಿ ಮುಚ್ಚಿಕೊಂಡ ನಿಂದರ್ರಿ” ಎಂದರು.

ಹಾಗೆಯೇ ಹೇಳಿದರು. “ಹಸಿ ಮಣ್ಣ ಇತ್ರಿ, ಕಾಲ ಜಾರಿತು.” ಸರ್ಕಾರಿ ವಕೀಲರು ಸಿಟ್ಟಿನಿಂದ ಮೂರು ಸಲ ಕೇಳಿದರು, ಮೂರು ಸಲವೂ ಮಣ್ಣು ಹಸಿಯೇ ಇತ್ತು. ಆಮೇಲೆ ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು, ಏನಾದರೂ ಹೇಳುವುದಿದೆಯೇ ಎಂದು. ಸಾಲಿಯಲ್ಲಿ ಮಕ್ಕಳಿಗೆ ಖರೇ ಹೇಳಬೇಕೆಂದು ಕಲಿಸುತ್ತಿದ್ದವನು ನಾನು. “ಏನೂ ಇಲ್ರಿ” ಎಂದೆ. ವಾರದೊಳಗೆ ಬಿಡುಗಡೆಯ ತೀರ್ಪು ಬಂತು.

ತೀರ್ಪಿನ ದಿನವೂ ಕಾಕಾ ಬಂದಿದ್ದರು. ಅವರು ಬರಬೇಕಾದ ಕಾರಣವಿರಲಿಲ್ಲ. ಸಂಜೆ ಬಸ್ಸಿಗೆ ಕಾಯುವಾಗ ನನಗೆ ತಡೆಯಲಾಗಲಿಲ್ಲ.

“ಕಾಕಾ, ನಾ ದೂಡಿದ್ದು ಖರೇ ಐತ್ರಿ. ತಪ್ಪಾತು.”

“ನನಗ ಗೊತ್ತಿಲ್ಲೇನ್ರಿ? ಬಿದ್ದಾಂವ ನಾನಽ ಅಲ್ಲೇನು?”

ಬಸ್ಸು ಬಂತು. ಸೀಟು ಒಂದೇ ಖಾಲಿ ಇತ್ತು. ಅವರು ಕುಳಿತರು, ನಾನು ಅವರ ಪಕ್ಕ ನಿಂತೆ.